ಕಾಮಾ ಸಮೇತ ಸ್ವಾಗತ

ನವನಗರದ ಸಭೆಗೆ ಕನ್ನಡ ಬಾರದ ದೊಡ್ಡ ಅಧಿಕಾರಿಯೊಬ್ಬರು ಬರುವವರಿದ್ದರು. ನಮ್ಮ ಇಳಕಲ್ಲಿನ ನೇಕಾರ ಹೆಂಗಸರ ಸಂಘದಿಂದ ಯಾರಾದರೂ ಇಂಗ್ಲಿಷಿನಲ್ಲಿ ಸ್ವಾಗತ ಹೇಳಬೇಕೆಂದಾಗ, ನಾನೇ ಹೇಳುತ್ತೇನೆ ಎಂದುಬಿಟ್ಟೆ. ಓದಿದ್ದು ಏಳನೇ ಇಯತ್ತೆ ತನಕ, ಅದೂ ಕನ್ನಡ ಶಾಲೆಯಲ್ಲಿ. ಆದರೆ ಮಗಳು ಇಂಗ್ಲಿಷ್ ಶಾಲೆಗೆ ಹೋಗುತ್ತಿದ್ದಳು. ಅವಳ ಮುಂದೆ ಒಮ್ಮೆಯಾದರೂ ಸೈ ಅನ್ನಿಸಿಕೊಳ್ಳಬೇಕೆಂಬ ಹುಕಿ ನನಗೆ.

ಭಾಷಣವನ್ನು ಅವಳೇ ಹೇಳಿಕೊಟ್ಟಳು, ಶಾಲೆಯಲ್ಲಿ ಡಿಕ್ಟೇಷನ್ ಕೊಡುವ ಹಾಗೆ, ಗಡಬಡಿಸಿ. ನಾನು ಕನ್ನಡ ಅಕ್ಷರದಲ್ಲಿ ಬರೆದುಕೊಂಡೆ: ಗುಡ್ ಮಾರ್ನಿಂಗ್ ಸರ್ ಕಾಮಾ. ಸೆರಗು ನೇಯುತ್ತ ಬಾಯಿಪಾಠ ಮಾಡಿದೆ. ಅಲ್ಪವಿರಾಮ, ಪೂರ್ಣವಿರಾಮ ಎಂದು ಕಲಿತವಳು ನಾನು. ಸಾಲು ಸಾಲಿನ ಕೊನೆಗೂ ಬರುವ ಫುಲ್ ಸ್ಟಾಪ್ ನಮ್ಮ 'ರೀ' ಇದ್ದಂತೆ ಮರ್ಯಾದೆಯ ಮಾತಿರಬೇಕೆಂದು ತಿಳಿದಿದ್ದೆ.

ವೇದಿಕೆಯ ಮೇಲೆ ಮೊದಲ ಫುಲ್ ಸ್ಟಾಪಿಗೇ ಅಧಿಕಾರಿ ನಕ್ಕರು, ಮುಂದಿನ ಸಾಲಿನವರೂ ನಕ್ಕರು. ಮೆಚ್ಚಿದರೆಂದು ನನಗೆ ಹುರುಪು ಬಂತು. ಎರಡನೆಯದನ್ನು ಇನ್ನೂ ಜೋರಾಗಿ ಹೇಳಿದೆ. ಕೊನೆಯದನ್ನಂತೂ ಕೈಮುಗಿದು ಹೇಳಿದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನನಗೆ ಆ ನೆಪವೂ ಇಲ್ಲ, ಮನಸ್ಸಿಟ್ಟೇ ಕುಣಿದಿದ್ದೆ.

ಕೆಳಗಿಳಿದಾಗ, ನನ್ನ ಜೊತೆ ಬಂದಿದ್ದ ಮಗಳು ನೆಲ ನೋಡುತ್ತಿದ್ದಳು.

"ಯವ್ವಾ, ಕಾಮಾ, ಫುಲ್ ಸ್ಟಾಪ್ ಅಂತ ಬಾಯಿಲೆ ಅನ್ನಬಾರದುಬೇ. ಅವು ಬರಿಯಾಗ ಹಾಕೂ ಗುರುತು."

ಮೈಯೆಲ್ಲ ಹಿಡಿಯಾಯಿತು. ಸರಿಯಾಗಿ ಹೇಳಿಕೊಡಲಿಲ್ಲವೆಂದು ಅವಳಿಗೆ ಕೆಡುಕೆನಿಸಿತ್ತೋ, ಇವಳು ನನ್ನ ತಾಯಿ ಎಂದು ನಾಚಿಕೊಂಡಿದ್ದಳೋ, ಕೇಳುವ ಧೈರ್ಯವಾಗಲಿಲ್ಲ.

ತಿರುಗಿ ಬರುವಾಗ ಅಮೀನಗಡದಲ್ಲಿ ಬಸ್ಸು ನಿಂತಿತು. ಸಂಘದವರಿಗೆ ಖುಷಿಯೋ ಖುಷಿ. ಅವರಾರಿಗೂ ಇಂಗ್ಲಿಷ್ ಬಾರದು, ಸಾಹೇಬರು ನಕ್ಕದ್ದಷ್ಟೇ ಗೊತ್ತು. ಕರದಂಟು ತಂದು ಹಂಚಿ, ಆ ಭಾಷಣ ಇನ್ನೊಮ್ಮೆ ಹೇಳೆಂದು ಗಂಟುಬಿದ್ದರು. ನಾನು ಕಾಮಾ, ಫುಲ್ ಸ್ಟಾಪ್ ಎಲ್ಲ ಬಿಟ್ಟು ಒಂದೇ ಉಸಿರಿಗೆ ಹೇಳಿ ಮುಗಿಸಿದೆ.

ಎಲ್ಲರಿಗಿಂತ ಹಿರಿಯಳಾದ ಅಜ್ಜಿಗೆ ಅದು ಸರಿಬರಲಿಲ್ಲ.

"ಚಲೋ ಚಲೋ ಮಾತೆಲ್ಲಾ ಬಿಟ್ಟಿಯಲ್ಲ ತಂಗಿ. ಸಾಹೇಬ್ರು ನಕ್ಕಿದ್ದು ಅವನ್ನ ಕೇಳಿನ."

ಎಲ್ಲರೂ ಹೌದೆಂದು ತಲೆಯಾಡಿಸಿದರು. ಖರೆ ಹೇಳಲು ನನಗೆ ಬಾಯಿ ಬರಲಿಲ್ಲ. ಎದ್ದು ನಿಂತು, ಒಂದು ಕಾಮಾವನ್ನೂ ಬಿಡದೆ, ಈ ಸಲ ಗೊತ್ತಿದ್ದೇ ಹೇಳಿದೆ. ಬಸ್ಸಿನ ತುಂಬ ಚಪ್ಪಾಳೆ. ಮಗಳು ಮಾತ್ರ ಕಿಟಕಿಯಿಂದ ಮುಖ ಈಚೆ ತಿರುಗಿಸಲಿಲ್ಲ.