ಸೇಶೆಲ್ಸ್ ಕಪ್ಪೆಯ ವಯಸ್ಸು

ಗಾತ್ರ ನೋಡಿ ವಯಸ್ಸು ಹೇಳುವ ಚಟ ನನಗೆ ಬಹಳ ದಿನ ಇತ್ತು. ಅದನ್ನು ಬಿಡಿಸಿದ್ದು ಒಂದು ಕಪ್ಪೆ. ಅದೂ ಸತ್ತ ಕಪ್ಪೆ.

ಅರವತ್ತರ ದಶಕದ ಮೊದಲಲ್ಲಿ ನಾನು ಧಾರವಾಡದ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದೆ. ಹಡಗಿನ ಕೆಲಸದಲ್ಲಿದ್ದ ನನ್ನ ಹೆಂಡತಿಯ ಅಣ್ಣ ಹಿಂದೂ ಮಹಾಸಾಗರದ ಸೇಶೆಲ್ಸ್ ದ್ವೀಪದ ಕಾಡಿನಿಂದ ಒಂದು ಕಪ್ಪೆಯನ್ನು ಔಷಧದ ಶೀಶೆಯಲ್ಲಿ, ಸ್ಪಿರಿಟ್ಟಿನಲ್ಲಿ ಮುಳುಗಿಸಿ ತಂದುಕೊಟ್ಟ. ಉಳಿದವರ ಭಾವಂದಿರು ಗಡಿಯಾರ ತರುತ್ತಾರೆ. ಕಿರುಬೆರಳಿನ ಉಗುರಿನಷ್ಟಿದ್ದ ಆ ಜೀವಿಯನ್ನು ಕಂಡು ಶೀಶೆಗೆ ‘ಕಪ್ಪೆಯ ಮರಿ’ ಎಂದು ಚೀಟಿ ಅಂಟಿಸಿ, ತರಗತಿಯಲ್ಲಿ ಗತ್ತಿನಿಂದ ತೋರಿಸಿದೆ.

ಹತ್ತಿರದ ಮುಗದ ಹಳ್ಳಿಯಿಂದ ದಿನಾ ರೈಲಿನಲ್ಲಿ ಬರುತ್ತಿದ್ದ ಶಾಂತಾ ಎದ್ದು ನಿಂತಳು. ಅವರ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ಅವಳೊಬ್ಬಳೇ.

“ಸರ್, ಇದು ಮರೀನ ಅಂತ ಹೆಂಗ ಗೊತ್ತಾತ್ರಿ?”

“ಕಣ್ಣಿಗೆ ಕಾಣ್ಸೂದಿಲ್ಲೇನವಾ? ಕನ್ನಡಕ ಹಾಕ್ಕೊ” ಎಂದೆ. ಹುಡುಗರು ಬೆಂಚು ಬಡಿದು ನಕ್ಕರು. ನನ್ನ ಮಾತಿಗೆ ಅಷ್ಟು ನಗು ಬರುವುದು ಅಪರೂಪ, ಒಳಗೊಳಗೇ ಹಿಗ್ಗಿದೆ.

ಮರುದಿನ ಶಾಂತಾ ಬರಲಿಲ್ಲ. ಅದರ ಮರುದಿನವೂ ಇಲ್ಲ. ಹಾಜರಿ ಕರೆಯುವಾಗ ಅವಳ ಹೆಸರಿನ ಹತ್ತಿರ ನನ್ನ ದನಿ ತಗ್ಗಿತು. ಒಂದು ನಗೆಗಾಗಿ ಆ ಹುಡುಗಿಯ ಓದನ್ನೇ ಕೆಡಿಸಿದೆನೇ ಎಂದು ಊಟ ರುಚಿಸಲಿಲ್ಲ.

ಮೂರನೆಯ ದಿನ ಬಂದಳು. “ಊರ ಕೆರಿಗೆ ಹೋಗಿದ್ನಿರಿ ಸರ್, ಕಪ್ಪಿ ನೋಡಾಕ. ಸಣ್ಣ ಮರಿಗೆ ಬಾಲದ ಗುರುತು ಇನ್ನೂ ಇರ್ತದ. ನಿಮ್ಮ ಕಪ್ಪಿಗೆ ಇದ್ದಂಗ ಕಾಣಲಿಲ್ಲ. ಭೂತಗನ್ನಡಿ ಕೊಡ್ರಿ.”

ಇಬ್ಬರೂ ನೋಡಿದೆವು. ಹೊಟ್ಟೆಯ ತೆಳು ಚರ್ಮದಡಿ ಬೆಳ್ಳಗೆ, ದುಂಡಗೆ ತತ್ತಿಗಳು! ಅದು ಮರಿಯಲ್ಲ, ತಾಯಾಗಲಿದ್ದ ಹೆಣ್ಣು.

ಗ್ರಂಥಾಲಯದ ದಪ್ಪ ಪುಸ್ತಕ ಇನ್ನಷ್ಟು ಹೇಳಿತು. ಈ ಕಪ್ಪೆ ಬೆಳೆದರೂ ಇಷ್ಟೇ. ಕೆರೆ ಹೊಳೆಗಳ ಹಂಗು ಅದಕ್ಕಿಲ್ಲ; ಕಾಡಿನ ತರಗೆಲೆಯ ತೇವದಲ್ಲಿ ತತ್ತಿಯಿಟ್ಟು ಕಾಯುತ್ತದೆ. ನೀರಿನಲ್ಲಿ ಈಜುವ ಗೊದಮೊಟ್ಟೆಯ ಬಾಳೂ ಇಲ್ಲ. ಜೋಳದ ಕಾಳಿಗಿಂತ ಸಣ್ಣ ಮರಿ ನಾಲ್ಕು ಕಾಲು ಸಮೇತ ಕಪ್ಪೆಯಾಗಿಯೇ ತತ್ತಿಯಿಂದ ಹೊರಬರುತ್ತದೆ.

ಚೀಟಿಯನ್ನು ಸದ್ದಿಲ್ಲದೆ ಬದಲಿಸಬಹುದಿತ್ತು. ಮನಸ್ಸು ಅತ್ತ ವಾಲಿತ್ತು ಕೂಡ. ಆದರೆ ನಕ್ಕವರೆದುರೇ ಹೇಳಬೇಕಾದ ಮಾತು ಅದು.

“ತಪ್ಪು ನಂದು. ಶಾಂತಾ ಕೇಳಿದ್ದು ಖರೇ ಇತ್ತು” ಎಂದು ತರಗತಿಯಲ್ಲಿ ಹೇಳಿ, ಪುಸ್ತಕದಲ್ಲಿ ಓದಿದ್ದನ್ನೂ ತಿಳಿಸಿದೆ.

ಯಾರೂ ನಗಲಿಲ್ಲ. ಶಾಂತಾ ಗೆದ್ದೆನೆಂದು ಬೀಗಲೂ ಇಲ್ಲ, ಮತ್ತೆ ಎದ್ದಳು. “ಹಂಗಾದ್ರ ತತ್ತಿ ಒಳಗಿದ್ದಾಗರೆ ಮರಿಗೆ ಬಾಲ ಇರ್ತದೇನ್ರಿ ಸರ್?”

ಪುಸ್ತಕದಲ್ಲಿ ಅಷ್ಟು ಮುಂದಕ್ಕೆ ನಾನು ಓದಿರಲಿಲ್ಲ. ವರ್ಷಗಟ್ಟಲೆ ಪಾಠ ಹೇಳಿದ ಬಾಯಿಂದ ಮೊದಲ ಸಲ “ನನಗ ಗೊತ್ತಿಲ್ಲವಾ” ಎಂಬ ಮಾತು ಬಂತು. ಹೇಳಿದ ಮೇಲೆ ಎದೆ ಎಷ್ಟು ಹಗುರವಾಯಿತು!

“ಬರ್ರಿ ಸರ್, ಹುಡುಕೂಣು” ಎಂದಳು. ಆ ದಿನ ಇಡೀ ತರಗತಿಯೇ ನಮ್ಮ ಹಿಂದೆ ಗ್ರಂಥಾಲಯಕ್ಕೆ ಬಂತು.