ಆಟಿಯಲ್ಲಿ ತೂಗಿದ ಚಿತ್ರಗಳು

ಅವರ ಎಡಗೆನ್ನೆಯಲ್ಲಿ ಯಾವಾಗಲೂ ಸುಣ್ಣ ಹತ್ತಿರುತ್ತಿತ್ತು. ಬೆಳಿಗ್ಗೆ ಗ್ಯಾಲರಿಯ ಬಾಗಿಲು ತೆಗೆದವರೇ ಕೊಡೆ ಮೂಲೆಗಿಟ್ಟು, ಕನ್ನಡಕ ತೆಗೆದು, ಗೋಡೆಗೆ ಕೆನ್ನೆ ಒತ್ತಿ ನಿಲ್ಲುತ್ತಿದ್ದರು. ಒಂದು ಗೋಡೆ ಆಯಿತೆಂದರೆ ಇನ್ನೊಂದು. ತೇವ ಕೈಗಿಂತ ಮೊದಲು ಕೆನ್ನೆಗೆ ತಿಳಿಯುತ್ತದೆ ಎಂಬುದು ಅವರ ವಾದ. ಮೊದಲ ದಿನ ಇದನ್ನು ನೋಡಿ ನಾನು ನಕ್ಕುಬಿಟ್ಟೆ. "ಎಂತ ನಗುವುದು? ಗೋಡೆಗೂ ಜ್ವರ ಬರ್ತದೆ ಮಾರಾಯ. ನಿನ್ನ ಹಾಗೆ ಬಾಯಿಬಿಟ್ಟು ಹೇಳುವುದಿಲ್ಲ, ಅಷ್ಟೆ" ಎಂದು ಗದರಿದರು.

ಐವತ್ತರ ದಶಕದ ಕೊನೆಯ ವರ್ಷಗಳು ಅವು. ಹಂಪನಕಟ್ಟೆಯ ಸಮೀಪದ ಒಂದು ಹಂಚಿನ ಕಟ್ಟಡದಲ್ಲಿ ಊರಿನ ಚಿತ್ರಶಾಲೆ ಇತ್ತು. ಅವರು ಅದರ ಕ್ಯೂರೇಟರ್, ನಾನು ಸಹಾಯಕ. ಬಂದರಿನಲ್ಲಿ ಅಕ್ಕಿ ವ್ಯಾಪಾರ ಮಾಡುವ ಬ್ಯಾರಿ ಮುಸಲ್ಮಾನರ ಮನೆತನದವನು ಅಂಗಡಿ ಬಿಟ್ಟು ಚಿತ್ರ ಕಾಯಲು ಹೋದನೆಂದು ನನ್ನ ತಂದೆ ಮಾತು ಬಿಟ್ಟಿದ್ದರು. ಕ್ಯೂರೇಟರರು ಜೆಪ್ಪುವಿನ ಕೊಂಕಣಿ ಕ್ರೈಸ್ತರು. ನಮ್ಮಲ್ಲಿ ಕ್ರೈಸ್ತ ಗಂಡಸರನ್ನು ಪೊರ್ಬುಗಳು ಎನ್ನುವ ರೂಢಿ, ಹಾಗಾಗಿ ಊರಿಗೆಲ್ಲ ಅವರು ಚಿತ್ರದ ಪೊರ್ಬುಗಳು.

ಕೋಪ ಅವರ ಮೂಗಿನ ತುದಿಯಲ್ಲೇ ಇರುತ್ತಿತ್ತು. ಬಸ್ಸು ಕಾಯುವವರು ಅಕಾಲದ ಮಳೆಗೆ ಒಳನುಗ್ಗಿ ಕೊಡೆ ಕೊಡವಿದರೆ ಸಾಕು, "ಇದು ಬಸ್‌ಸ್ಟ್ಯಾಂಡಾ? ಹೊರಗೆ ನಡೀರಿ!" ಎಂದು ಕೂಗಾಡುತ್ತಿದ್ದರು. ಆದರೆ ಅದೇ ಜನರಲ್ಲಿ ಯಾರಾದರೂ ಒಂದು ಚಿತ್ರದ ಮುಂದೆ ಕಾಲು ತಡೆದು ನಿಂತರೆ, ಸದ್ದಿಲ್ಲದೆ ತಮ್ಮ ಕುರ್ಚಿಯನ್ನು ತಂದು ಅವರ ಹಿಂದೆ ಇಡುತ್ತಿದ್ದರು.

ಮಳೆ ಶುರುವಾಗುವ ಮುಂಚೆ, ಪತ್ತನಾಜೆಯ ದಿನ ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚುತ್ತಾರೆ. ಅದೇ ದಿನ ಇವರು ಚಿತ್ರಗಳನ್ನು ಇಳಿಸುತ್ತಿದ್ದರು. ಒಳಗಿನ ಹಲಗೆಯ ಕೋಣೆಯಲ್ಲಿ, ಗೋಡೆಗೆ ತಾಗದಂತೆ, ನಡುನಡುವೆ ಒಣಬಟ್ಟೆ ಇಟ್ಟು ನಿಲ್ಲಿಸಿದರೆ ಮತ್ತೆ ತೂಗುಹಾಕುವುದು ದೀಪಾವಳಿ ಕಳೆದ ಮೇಲೆ. ಮಳೆಗಾಲವಿಡೀ ಗ್ಯಾಲರಿಯಲ್ಲಿ ನೋಡಲು ಮೊಳೆಗಳಷ್ಟೇ. ಚಿತ್ರಶಾಲೆಯ ಕಮಿಟಿಯವರಿಗೆ ಇದು ದೊಡ್ಡ ತಮಾಷೆಯಾಗಿತ್ತು. "ಊಟ ಇಲ್ಲದ ಹೋಟೆಲು" ಎಂದು ಅಧ್ಯಕ್ಷರು ಸಭೆಯಲ್ಲೇ ನಗಾಡುತ್ತಿದ್ದರು. ಆ ಮನುಷ್ಯ ಊರಿಗೆ ದೊಡ್ಡ ವಕೀಲ. ಚಿತ್ರ ಯಾವ ಕಡೆಯಿಂದ ನೋಡುವುದು ಎಂದೂ ಗೊತ್ತಿರಲಿಲ್ಲ ಎಂದರೆ ನನ್ನ ಹೊಟ್ಟೆಯುರಿ ಎನ್ನಬಹುದು. ಎನ್ನಲಿ.

ನಮ್ಮಲ್ಲಿದ್ದ ನಿಜವಾದ ಆಸ್ತಿಯೆಂದರೆ ಬಂದರಿನ ಹಳೆಯ ಧಕ್ಕೆಯ ಜಲವರ್ಣ ಚಿತ್ರಗಳು. ಸರಕು ಸಾಗಿಸುವ ಮಂಜಿ ಹಡಗುಗಳು, ಹಂಚು ಹೇರುವವರು, ಮೀನಿನ ಬುಟ್ಟಿ ಹೊತ್ತ ಹೆಂಗಸರು. ಬರೆದವರು ತೀರಿಹೋಗಿದ್ದರು. ಅವರ ಹೆಂಡತಿ, ಕೊಡಿಯಾಲಬೈಲಿನ ವೃದ್ಧೆ, ಅವನ್ನು ತಮ್ಮ ಮದುವೆಯ ಸೀರೆಯಲ್ಲಿ ಸುತ್ತಿ ತಂದು ಪೊರ್ಬುಗಳ ಕೈಗೆ ಕೊಟ್ಟಿದ್ದರು. "ನನಗೆ ಮಕ್ಕಳಿಲ್ಲ ಮಾಸ್ಟ್ರೆ. ಇನ್ನು ಇವು ನಿಮ್ಮದು" ಎಂದರು. "ನಾನು ಇರುವವರೆಗೆ ಒಂದು ಹನಿ ನೀರು ಬೀಳ್ಲಿಕ್ಕೆ ಬಿಡುವುದಿಲ್ಲ ಅಮ್ಮ" ಎಂದು ಇವರು ಮಾತು ಕೊಟ್ಟರು. ನಾನು ಪಕ್ಕದಲ್ಲೇ ಇದ್ದೆ.

ಒಂದು ವರ್ಷ ಆಟಿ ತಿಂಗಳಲ್ಲಿ, ಜಡಿಮಳೆಯ ನಡುವೆ, ಒಬ್ಬ ಮಂತ್ರಿ ಬರುತ್ತಾರೆಂದಾಯಿತು. ಚಿತ್ರ ತೂಗುಹಾಕಿ ಎಂದು ಅಧ್ಯಕ್ಷರು ಹೇಳಿದರು. "ಆಗುವುದಿಲ್ಲ. ಬೇಕಾದರೆ ಒಂದೊಂದೇ ತಂದು ಮೇಜಿನ ಮೇಲಿಟ್ಟು ತೋರಿಸ್ತೇನೆ" ಎಂದರು ಪೊರ್ಬುಗಳು. ಅದೇ ವಾರ ಕುಲಶೇಖರದಲ್ಲಿ ಅವರ ಅಕ್ಕ ತೀರಿಕೊಂಡರು. ನಾವಿಬ್ಬರೂ ದಫನಕ್ಕೆ ಹೋಗಿದ್ದೆವು. ಮರುದಿನ ಬಂದು ನೋಡಿದರೆ, ಅಧ್ಯಕ್ಷರು ತಮ್ಮಲ್ಲಿದ್ದ ಕೀಲಿಕೈಯಿಂದ ಬಾಗಿಲು ತೆರೆಸಿ, ಗೋಡೆಗಳಿಗೆಲ್ಲ ಹೊಸ ಸುಣ್ಣ ಬಳಿಸಿ, ಅದರ ಮೇಲೆ ಚಿತ್ರಗಳನ್ನು ಸಾಲಾಗಿ ತೂಗಿಸಿದ್ದರು. ಆಟಿಯಲ್ಲಿ ಸುಣ್ಣ! ಒಗೆದ ಬಟ್ಟೆಯೇ ಒಣಗದ ತಿಂಗಳಲ್ಲಿ ಬಳಿದ ಸುಣ್ಣ ಒಣಗುತ್ತದೆಯೇ? ಇಷ್ಟು ತಿಳಿಯಲು ಕಾನೂನು ಓದಬೇಕೇ?

ಪೊರ್ಬುಗಳು ಚಪ್ಪಲಿಯನ್ನೂ ಬಿಡದೆ ಸ್ಟೂಲು ಹತ್ತಿದರು. ಅಲ್ಲೇ ಇದ್ದ ಅಧ್ಯಕ್ಷರು ಸ್ಟೂಲನ್ನು ಹಿಡಿದುಕೊಂಡರು. "ಇಳೀರಿ. ಸಾಹೇಬ್ರು ನೋಡಿ ಹೋಗುವವರೆಗೆ ಒಂದನ್ನೂ ಮುಟ್ಲಿಕ್ಕಿಲ್ಲ. ಎರಡು ದಿವಸದಲ್ಲಿ ಎಂತ ಆಗ್ತದೆ ಮಾರಾಯ್ರೆ?"

"ಕೊಳೀತದೆ!" ಎಂದು ಇವರು ಕಿರುಚಿದರು. ಕಮಿಟಿಯ ಜವಾನರು ಅವರನ್ನು ತೋಳು ಹಿಡಿದು ಇಳಿಸಿದರು. ಆಮೇಲೆ ಬಾಗಿಲಿಗೆ ಬೇರೆ ಬೀಗ ಬಿತ್ತು.

ಘಟ್ಟದಲ್ಲಿ ಗುಡ್ಡ ಕುಸಿದು ಮಂತ್ರಿಗಳ ಬರುವಿಕೆ ಮುಂದಕ್ಕೆ ಹೋಯಿತು. ಅವರು ಬಂದಾಗ ಎರಡು ವಾರ ಕಳೆದಿತ್ತು. ಎಳನೀರ ಬೊಂಡ ಕುಡಿದು, ಹಾರ ಹಾಕಿಸಿಕೊಂಡು, ಗೋಡೆಯ ಕಡೆ ತಲೆಯೆತ್ತದೆ ಹೋದರು. ನಾವು ಚಿತ್ರಗಳನ್ನು ಇಳಿಸಿದಾಗ ಗಾಜಿನೊಳಗೆ ಬೂಸ್ಟು ಹಿಡಿದಿತ್ತು. ಮಂಜಿಗಳ ನೀಲಿ ಕಲೆಸಿ ಹೋಗಿತ್ತು, ಹೆಂಗಸರ ಮುಖಗಳು ಉಳಿದಿರಲಿಲ್ಲ. ಪೊರ್ಬುಗಳು ನೆಲದ ಮೇಲೆ ಕೂತು ಒಂದೊಂದನ್ನೇ ಚೌಕಟ್ಟಿನಿಂದ ಬಿಡಿಸಿದರು. ಅಂದು ಅವರು ಯಾರನ್ನೂ ಬೈಯಲಿಲ್ಲ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಕ್ಯೂರೇಟರರ ಅಲಕ್ಷ್ಯದಿಂದ ಚಿತ್ರಗಳು ನಾಶವಾದವು ಎಂದು ಕಮಿಟಿ ತೀರ್ಮಾನಿಸಿ ಅವರನ್ನು ಕೆಲಸದಿಂದ ತೆಗೆಯಿತು. ಸುದ್ದಿ ಕೊಡಿಯಾಲಬೈಲಿಗೂ ಮುಟ್ಟಿತು. ಪೊರ್ಬುಗಳು ನನ್ನನ್ನು ಕರೆದುಕೊಂಡು ಆ ಅಮ್ಮನ ಮನೆಗೆ ಹೋದರು. ಆಕೆ ಕೂರಲು ಹೇಳಲಿಲ್ಲ. "ನನ್ನ ಹತ್ರ ಎಂತ ಹೇಳಿದ್ರಿ ಮಾಸ್ಟ್ರೆ ನೀವು?" ಎಂದಷ್ಟೇ ಕೇಳಿದರು.

"ಕಾಪಾಡ್ಲಿಕ್ಕೆ ಆಗ್ಲಿಲ್ಲ ಅಮ್ಮ. ತಪ್ಪು ನನ್ನದೇ" ಎಂದರು ಇವರು.

ನಾನು ಬಾಯಿ ತೆರೆದೆ. ಅವರು ನನ್ನ ಮಣಿಕಟ್ಟು ಹಿಡಿದು ಒತ್ತಿದರು. ದಾರಿಯಲ್ಲಿ ನಾನು ಜಗಳಕ್ಕೇ ನಿಂತೆ. "ಕೀಲಿಕೈ ಯಾರದ್ದು ಅಂತ ಹೇಳ್ಬೇಕಿತ್ತು ಸರ್!"

"ಹೇಳಿದ್ರೆ ಆ ಅಮ್ಮನಿಗೆ ಎಂತ ಸಿಗ್ತದೆ? ಚಿತ್ರ ಬರ್ತದಾ? ಮಾತು ಕೊಟ್ಟದ್ದು ನಾನು, ಅಧ್ಯಕ್ಷರಲ್ಲ."

ಆ ದೊಡ್ಡತನ ನನಗೆ ಅಂದೂ ಹಿಡಿಸಲಿಲ್ಲ, ಇಂದೂ ಹಿಡಿಸುವುದಿಲ್ಲ. ಆ ವೃದ್ಧೆ ಪೊರ್ಬುಗಳು ಮೋಸ ಮಾಡಿದರೆಂದೇ ನಂಬಿ ತೀರಿಕೊಂಡರು. ಕೆಡಿಸಿದವನು ಕುರ್ಚಿಯಲ್ಲಿ, ಕಾದವನು ಮನೆಯಲ್ಲಿ. ಅವರ ಸುಮ್ಮನಿರುವಿಕೆಯಿಂದ ಲಾಭವಾದದ್ದು ಒಬ್ಬರಿಗೆ ಮಾತ್ರ. ಹೀಗೆಂದು ನಾನು ಜೆಪ್ಪುವಿನ ಅವರ ಮನೆಯ ಜಗಲಿಯಲ್ಲೇ ಎಷ್ಟೋ ಸಲ ಹೇಳಿದ್ದೇನೆ. ಅವರು ಮಾತು ತಿರುಗಿಸಿ ಗ್ಯಾಲರಿಯ ಗೋಡೆ ಹೇಗುಂಟು ಎಂದು ವಿಚಾರಿಸುತ್ತಿದ್ದರು. ನಾನು ಕಲಿತ ಕೆಲಸವೆಲ್ಲ ಬಂದದ್ದು ಅವರಿಂದ.

ಅರವತ್ತರ ದಶಕದ ಮಧ್ಯದಲ್ಲಿ ಅವರು ಹೋದರು. ಆ ಹೊತ್ತಿಗೆ ನಾನೇ ಕ್ಯೂರೇಟರ್ ಆಗಿದ್ದೆ. ಸಂತಾಪ ಸಭೆಯಲ್ಲಿ ಅಧ್ಯಕ್ಷರು ಕಣ್ಣೊರೆಸಿಕೊಂಡು, ಅಂಥವರು ಸಿಗುವುದಿಲ್ಲ, ಅವರ ಫೋಟೋವನ್ನು ಗ್ಯಾಲರಿಯಲ್ಲಿ ಹಾಕಬೇಕು ಎಂದರು. ಚೌಕಟ್ಟು ಹಾಕಿಸಿದ ಫೋಟೋ ಸಿದ್ಧವಾಗಿಯೇ ಇತ್ತು. ನಾನು ಎದ್ದು ನಿಂತೆ. "ಹಾಕುವಾ. ಆಟಿಯಲ್ಲಿ ಚಿತ್ರ ತೂಗಿಸಿದ್ದು ಇವರಲ್ಲ, ಕಮಿಟಿ ಅಂತ ಕೆಳಗೆ ಬರೆಸಿ. ಈಗಲೇ ಮೊಳೆ ಹೊಡೀತೇನೆ."

"ಎಂತ ಮಾರಾಯ, ಸತ್ತವರ ಎದುರು ಹಳೇ ಕಥೆ?" ಎಂದರು ಅಧ್ಯಕ್ಷರು.

ನಾನು ಫೋಟೋವನ್ನು ಕಂಕುಳಲ್ಲಿ ಹಿಡಿದುಕೊಂಡು ನೇರ ಜೆಪ್ಪುವಿಗೆ ಹೋದೆ. ಅವರ ಹೆಂಡತಿ, ನಾನು ಬಾಯಿ ಎಂದು ಕರೆಯುವವರು, ಬಾಗಿಲಿಗೆ ಬಂದರು. ಫೋಟೋ ನೋಡಿ, "ಅಲ್ಲಿ ಹಾಕ್ಲಿಕ್ಕೆ ಜಾಗ ಇಲ್ವಾ ಮಗಾ?" ಎಂದು ಕೇಳಿದರು.

"ಜಾಗ ಬೇಕಾದಷ್ಟು ಉಂಟು ಬಾಯಿ. ಮರ್ಯಾದೆ ಇಲ್ಲ."

ಅವರು ಸೆರಗಿನಿಂದ ಗಾಜು ಒರೆಸಿ, ಗಂಡನನ್ನು ಒಳಗೆ ಕರೆದುಕೊಂಡು ಹೋದರು.