ಕಿವಿ ಹಿಂಡಿಸಿಕೊಂಡವರು ಮೊದಲು

ಚಿದ್ರಿಯ ನರ್ಸ್ ರೂತಮ್ಮ ಶಾಲೆಯ ಮಕ್ಕಳ ಕಿವಿ ಪರೀಕ್ಷೆಗೆಂದು ಭಾಲ್ಕಿ, ಔರಾದ ಕಡೆ ಹೊರಟರೆ, ಪರೀಕ್ಷೆಯ ಯಂತ್ರ ಬಸ್ಸಿನಲ್ಲಿ ಹಸುಗೂಸಿನಂತೆ ಅವರ ತೊಡೆಯ ಮೇಲೆಯೇ ಇರುತ್ತದೆ; ಹಾರ್ನ್ ಹೊಡೆದಾಗ ಅದರ ಕಿವಿಯನ್ನೂ ಮುಚ್ಚುತ್ತಾರೆಂದು ಕಂಡಕ್ಟರುಗಳು ಆಣೆ ಮಾಡಿ ಹೇಳುತ್ತಾರೆ. ರೂತಮ್ಮನವರ ದನಿಯೋ ಬಲು ಮೆಲು, ಅದು ಕೇಳಬೇಕಾದರೆ ಊರಿಗೆ ಊರೇ ಬಾಯಿ ಮುಚ್ಚಬೇಕು. ಶಾಲೆಯ ಮೆಟ್ಟಿಲು ಹತ್ತುತ್ತಲೇ ಅವರದು ಒಂದೇ ಪ್ರಶ್ನೆ: "ಸರ, ಯಾರ ಕಿವಿ ಭಾಳ ಹಿಂಡ್ತೀರಿ? ಅವರನ್ನ ಮೊದಲು ಕಳಸ್ರಿ." ಮಾಸ್ತರರು ನಗುತ್ತಾರೆ. "ಅವರಿಗಿ ಕಿವಿ ಛಲೋ ಕೇಳಸ್ತದ್ರಿ. ಹೇಳಿದ್ದು ತಲಿಗಿ ಹೋಗಂಗಿಲ್ಲ, ಅಷ್ಟೇ." "ಅವರೇ ಬೇಕ್ರಿ ನನಗ," ಎನ್ನುತ್ತಾರೆ ರೂತಮ್ಮ. ಶಾಂತವಾದ ಕೋಣೆಯಲ್ಲಿ ಅರ್ಧ ಪರೀಕ್ಷೆ ಮುಗಿಸಿ, ಉಳಿದರ್ಧಕ್ಕೆ ಹೆಡ್‌ಫೋನಿನೊಳಗೆ ಸಂತೆಯ ಗದ್ದಲ ಹಚ್ಚುತ್ತಾರೆ. ಅದರ ನಡುವೆ ಬರುವ ಮಾತನ್ನು ಮಗು ತಿರುಗಿ ಹೇಳಬೇಕು. ಗದ್ದಲವಿಲ್ಲದಾಗ ಎಲ್ಲವನ್ನೂ ಸರಿಯಾಗಿ ಹೇಳಿದ ಮಗು ಇಲ್ಲಿ ತಡವರಿಸಿದರೆ, "ಸಪ್ಪಳ ಕೇಳಸ್ತದ್ರಿ, ಗದ್ದಲದಾಗ ಮಾತು ಆರಿಸ್ಲಾಕ ಆಗಂಗಿಲ್ಲ. ಮೊದಲ್ನೇ ಬೆಂಚಿಗಿ ಕೂಡಸ್ರಿ, ಬೀದರದಾಗ ಡಾಕ್ಟರಿಗಿ ತೋರಸ್ರಿ," ಎನ್ನುತ್ತಾರೆ. ಆಗ ಕಿವಿ ಹಿಂಡುತ್ತಿದ್ದ ಮಾಸ್ತರರ ಕೈ ತಾನಾಗಿಯೇ ಜೇಬಿನೊಳಗೆ ಅಡಗುತ್ತದೆ. ಇಷ್ಟೆಲ್ಲ ಮಾಡುವ ರೂತಮ್ಮ ಹೆಡ್‌ಫೋನನ್ನು ಮಾತ್ರ ಯಾವ ಮಗುವಿಗೂ ತಾವಾಗಿ ತೊಡಿಸುವುದಿಲ್ಲ. ಅದನ್ನು ಮಗುವಿನ ಕೈಗೇ ಕೊಟ್ಟು, "ನೀನೇ ಹಾಕೋ ಬೇಟಾ," ಎಂದು ತಮ್ಮ ಎರಡೂ ಕೈಗಳನ್ನು ಮೇಜಿನ ಮೇಲೆ ಕಾಣುವಂತೆ ಇಟ್ಟು ಕೂಡುತ್ತಾರೆ. ದೊಡ್ಡವರ ಕೈ ಕಿವಿಯತ್ತ ಬಂದರೆ ಈ ಮಕ್ಕಳು ಮೊದಲು ಕಣ್ಣು ಮುಚ್ಚಿಕೊಳ್ಳುತ್ತವೆ.